ಅಪೌಷ್ಟಿಕತೆ: ಜಠರ, ಕರುಳಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರದ ಕಿಮೊಥೆರಪಿಯಲ್ಲಿ

ಅನ್ನನಾಳ, ಜಠರ ಅಥವಾ ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿ ಕಿಮೊಥೆರಪಿ ಪಡೆಯುತ್ತಿರುವವರಲ್ಲಿ ಆಹಾರ ಸಾಲದೆ ತೂಕವೂ ಸ್ನಾಯುವೂ ಕರಗುವ ಸ್ಥಿತಿ. ಕಾಯಿಲೆಯೆಂದ ಮೇಲೆ ಸೊರಗುವುದು ಸಹಜ ಎಂಬ ಮಾತುಂಟು. ಆದರೆ ಸೊರಗಿದವರಿಗೆ ಔಷಧದ ಅಡ್ಡಪರಿಣಾಮ ಹೆಚ್ಚು, ಪ್ರಮಾಣ ತಗ್ಗಿಸಬೇಕಾದ ಸಂದರ್ಭವೂ ಹೆಚ್ಚು. ದೇಹತೂಕ ಸೂಚ್ಯಂಕವೊಂದನ್ನೇ ನಂಬಿದರೆ ಇದು ಕಣ್ಣಿಗೆ ಬೀಳದು: 160 ಸೆಂ.ಮೀ. ಎತ್ತರದವರು 60 ಕಿಲೋದಿಂದ 54ಕ್ಕಿಳಿದರೂ ಸೂಚ್ಯಂಕ 21, ಅಂದರೆ ‘ಸಾಮಾನ್ಯ’. ಆರು ತಿಂಗಳಲ್ಲಿ ಶೇ. 5ಕ್ಕಿಂತ ಹೆಚ್ಚು ಇಳಿಕೆಯೇ ಎಚ್ಚರಿಕೆ.

ಹಿರಿಯೂರು ತಾಲ್ಲೂಕಿನ ಆದಿವಾಲದಂಥ ಊರಿನವರು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಗೆ ಹೋಗಿಬಂದರೂ, ಕಿಮೊಥೆರಪಿಯ ಎರಡು ಸರದಿಗಳ ನಡುವಿನ ವಾರಗಳ ಊಟ ಮನೆಯಲ್ಲೇ. ಹಾಗಾಗಿ ಚಿಕಿತ್ಸೆಯ ಅರ್ಧಭಾಗ ಅಡುಗೆಮನೆಯದು. ಜಠರ ತೆಗೆದವರಿಗೆ ಇಡೀ ಮುದ್ದೆ ಒಮ್ಮೆಗೇ ಇಳಿಯದು. ದಿನಕ್ಕೆ ಆರು ಸಲ ಸ್ವಲ್ಪಸ್ವಲ್ಪ ಬೇಕು. ಕಿಮೊಥೆರಪಿ ಔಷಧವಾದ ಆಕ್ಸಾಲಿಪ್ಲಾಟಿನ್ ಪಡೆದ ದಿನಗಳಲ್ಲಿ ತಣ್ಣೀರೂ ಗಂಟಲು ಚುಚ್ಚುತ್ತದೆ; ಇನ್ನೊಂದು ಔಷಧ ಕ್ಯಾಪೆಸಿಟಬಿನ್‌ನಿಂದ ಬಾಯಿಹುಣ್ಣು, ಭೇದಿ. ಬರೀ ರಾಗಿ ಗಂಜಿ ಹೊಟ್ಟೆ ತುಂಬಿಸುತ್ತದೆ, ಪ್ರೋಟೀನ್ ತುಂಬಿಸದು. ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್, 25ರಿಂದ 30 ಕ್ಯಾಲೊರಿ ಬೇಕು. ಮೊಟ್ಟೆ, ಮೊಸರು, ನುಣ್ಣಗೆ ಬೇಯಿಸಿದ ಬೇಳೆ, ಈ ಸೀಮೆಯ ಕಡಲೆಕಾಯಿಯ ನಯವಾದ ಪುಡಿ ನೆರವಾಗುತ್ತವೆ.

ಚೆನ್ನಾಗಿ ಉಣಿಸಿದರೆ ಗಡ್ಡೆಯೂ ಬೆಳೆಯುತ್ತದೆಂಬ ಭಯಕ್ಕೆ ಮನುಷ್ಯರಲ್ಲಿ ಆಧಾರ ಸಿಕ್ಕಿಲ್ಲ. ಪಥ್ಯದ ಹೆಸರಿನ ಉಪವಾಸದಿಂದ ಸ್ನಾಯು ಕರಗುವುದಂತೂ ಖಚಿತ. ಊಟದಿಂದಲೇ ಎಲ್ಲ ಸರಿಹೋಗದೆಂಬ ಆಕ್ಷೇಪ ಮಾತ್ರ ನ್ಯಾಯವಾದದ್ದು: ಜಠರವನ್ನು ಪೂರ್ತಿ ತೆಗೆದವರಿಗೆ ಜೀವಮಾನವಿಡೀ ಬಿ12 ಪೂರೈಕೆ, ಸಾಮಾನ್ಯವಾಗಿ ಚುಚ್ಚುಮದ್ದಾಗಿ, ಬೇಕೇ ಬೇಕು.