ಜೋಡಿ ಕಟ್ಟಿದವರು

1947ರ ನವೆಂಬರ್ 14, ಶುಕ್ರವಾರ ರಾತ್ರಿ. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜೇಕ್ ಲಮೋಟಾ ರಿಂಗಿನ ಹಗ್ಗಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಎದುರಿಗೆ ಬಿಲ್ಲಿ ಫಾಕ್ಸ್. ಒಂದರ ಮೇಲೊಂದು ಗುದ್ದು ಬೀಳುತ್ತಿದ್ದರೂ ಲಮೋಟಾ ತಿರುಗಿ ಹೊಡೆಯುತ್ತಿರಲಿಲ್ಲ, ಕೆಳಗೂ ಬೀಳುತ್ತಿರಲಿಲ್ಲ. ಅಲ್ಲಿಯವರೆಗೆ ಯಾರೂ ಅವನನ್ನು ನೆಲಕ್ಕೆ ಕೆಡವಿರಲಿಲ್ಲ. ಸೋಲುವುದಕ್ಕೆ ಒಪ್ಪಿಕೊಂಡು ಬಂದಿದ್ದವನಿಗೆ ಬೀಳುವುದಕ್ಕೆ ಮಾತ್ರ ಮನಸ್ಸು ಬರಲಿಲ್ಲ. ನಾಲ್ಕನೇ ಸುತ್ತಿನಲ್ಲಿ ರೆಫರಿ ನಡುವೆ ನುಗ್ಗಿ ಪಂದ್ಯ ನಿಲ್ಲಿಸಿದ. ಬಾಜಿ ಕಟ್ಟುವವರ ಮೂಗಿಗೆ ವಾಸನೆ ಮೊದಲೇ ಬಡಿದಿತ್ತು. ಗಂಟೆ ಹೊಡೆಯುವ ಮುಂಚೆಯೇ ದುಡ್ಡು ಫಾಕ್ಸ್ ಕಡೆಗೆ ಹರಿದಿತ್ತು.

ಬಾಕ್ಸಿಂಗ್ ಆಯೋಗ ವಿಚಾರಣೆ ನಡೆಸಿದಾಗ, ಗುಲ್ಮಕ್ಕೆ ಮೊದಲೇ ಪೆಟ್ಟಾಗಿತ್ತು ಎಂಬ ಕಥೆ ಹೊರಬಂತು. ಗಾಯ ಮುಚ್ಚಿಟ್ಟ ತಪ್ಪಿಗೆ 1,000 ಡಾಲರ್ ದಂಡ, ಏಳು ತಿಂಗಳ ಅಮಾನತು. ಅಲ್ಲಿಗೆ ಕಡತ ಮುಚ್ಚಿತು. ನಿಜ ಹೊರಬಿದ್ದದ್ದು 1960ರ ಜೂನ್‌ನಲ್ಲಿ, ಸೆನೆಟರ್ ಎಸ್ಟಿಸ್ ಕೆಫಾವರ್ ಅವರ ಉಪಸಮಿತಿಯ ಮುಂದೆ. ಒಂದು ಲಕ್ಷ ಡಾಲರ್ ಕೊಡುತ್ತೇವೆಂದರೂ ಬೇಡ ಅಂದವನು, ಚಾಂಪಿಯನ್ ಪಟ್ಟಕ್ಕೆ ಆಡುವ ಅವಕಾಶ ಕೊಡಿಸುತ್ತೇವೆ ಅಂದದ್ದಕ್ಕೆ ಸೋತೆನೆಂದು ಲಮೋಟಾ ಅಲ್ಲಿ ಒಪ್ಪಿಕೊಂಡ. ಆ ಅವಕಾಶ 1949ರ ಜೂನ್ 16ರಂದು ಡೆಟ್ರಾಯಿಟ್‌ನಲ್ಲಿ ಸಿಕ್ಕಿತು. ಮಾರ್ಸೆಲ್ ಸೆರ್ಡಾನ್‌ನನ್ನು ಮಣಿಸಿ ಮಿಡಲ್‌ವೇಟ್ ಚಾಂಪಿಯನ್ ಆದ. ಅದಕ್ಕೆ ಮುಂಚೆ 20,000 ಡಾಲರ್ ಬೇರೆ ತೆರಬೇಕಾಗಿತ್ತಂತೆ.

ಶುಗರ್ ರೇ ರಾಬಿನ್ಸನ್‌ನಂಥವನಿಗೆ ವೃತ್ತಿ ಅಖಾಡದ ಮೊದಲ ಸೋಲು ಉಣಿಸಿದವನು ಈ ಲಮೋಟಾ, 1943ರಲ್ಲಿ. ಅಂಥವನೂ ಆರು ವರ್ಷ ಕಾಯಬೇಕಾಯಿತು, ಬೇಕೆಂದೇ ಸೋಲಬೇಕಾಯಿತು, ಮೇಲೆ ದುಡ್ಡೂ ಕೊಡಬೇಕಾಯಿತು ಅಂದರೆ ಆ ಕಾಲದಲ್ಲಿ ಕೀಲಿಕೈ ಯಾರ ಸೊಂಟದಲ್ಲಿತ್ತು ಎಂದು ಕೇಳಲೇಬೇಕು.

ಮೈಸೂರಿನಲ್ಲಿ ದಸರಾ ಕುಸ್ತಿಗೆ ಮುಂಚೆ ಪೈಲ್ವಾನರ ಜೋಡಿ ಕಟ್ಟುವ ಕೆಲಸ ನಡೆಯುತ್ತದೆ. ಯಾರಿಗೆ ಯಾರು ಸರಿಸಾಟಿ ಎಂದು ಎಲ್ಲರ ಕಣ್ಣೆದುರಿಗೇ ಗೊತ್ತು ಮಾಡುತ್ತಾರೆ. ಅಮೆರಿಕದ ವೃತ್ತಿ ಬಾಕ್ಸಿಂಗ್‌ನಲ್ಲೂ ಜೋಡಿ ಕಟ್ಟುವವನಿದ್ದಾನೆ. ಅವನ ಹೆಸರೇ ಮ್ಯಾಚ್‌ಮೇಕರ್. ಆದರೆ ಅವನು ಪಂದ್ಯ ನಡೆಸುವ ಪ್ರೊಮೋಟರನ ಸಂಬಳದಾಳು, ಕೆಲಸ ನಡೆಯುವುದು ಬಾಗಿಲು ಹಾಕಿದ ಕೋಣೆಯಲ್ಲಿ. ಬಾಕ್ಸರನ ಪರವಾಗಿ ಮಾತಿಗೆ ಕೂರುವವನು ಮ್ಯಾನೇಜರ್. ತನ್ನ ಹುಡುಗನಿಗೆ ಹೆಚ್ಚು ದುಡ್ಡು, ಕಡಿಮೆ ಅಪಾಯ ಎಂಬುದು ಮ್ಯಾನೇಜರನ ಲೆಕ್ಕ. ಹಾಲ್ ತುಂಬಬೇಕು, ಖರ್ಚು ಇಳಿಯಬೇಕು ಎಂಬುದು ಪ್ರೊಮೋಟರನ ಲೆಕ್ಕ. ಇಬ್ಬರೂ ಎಳೆದಾಡಿದರೇನೇ ಜೋಡಿ ಒಂದಿಷ್ಟು ಸಮವಾಗುವುದು. ಹೆಣ್ಣಿನ ಕಡೆಗೂ ಗಂಡಿನ ಕಡೆಗೂ ಒಬ್ಬನೇ ದಲ್ಲಾಳಿಯಾದರೆ ಮಾತುಕತೆ ಹೇಗಿರುತ್ತದೋ, ಬಾಕ್ಸಿಂಗ್‌ನಲ್ಲಿ ಆದದ್ದು ಅದೇ.

ಇದರ ಒಂದು ಅಂದವಾದ ಮಾದರಿ 1937ರದು. (ಅಂದವಾದ ಅಂದದ್ದು ಕರಾರಿನ ಜಾಣತನಕ್ಕೆ, ನ್ಯಾಯಕ್ಕಲ್ಲ.) ಆಗ ಹೆವಿವೇಟ್ ಚಾಂಪಿಯನ್ ಜೇಮ್ಸ್ ಬ್ರ್ಯಾಡಕ್. ಅವನೆದುರು ನಿಲ್ಲುವ ಸರದಿ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್‌ನದು. ಹಿಂದಿನ ವರ್ಷವಷ್ಟೇ ಅವನು ಜೋ ಲೂಯಿಸ್‌ನನ್ನು ಹನ್ನೆರಡನೇ ಸುತ್ತಿನಲ್ಲಿ ನಾಕೌಟ್ ಮಾಡಿದ್ದ, ಗಾರ್ಡನ್ ಜೊತೆ ಒಪ್ಪಂದವೂ ಆಗಿತ್ತು. ಆದರೆ ಲೂಯಿಸ್‌ನ ಪ್ರೊಮೋಟರ್ ಮೈಕ್ ಜೇಕಬ್ಸ್, ಬ್ರ್ಯಾಡಕ್‌ನ ಮ್ಯಾನೇಜರ್ ಜೋ ಗೌಲ್ಡ್ ಜೊತೆ ಕೂತು ಬೇರೆಯೇ ಜೋಡಿ ಕಟ್ಟಿದ. ಲೂಯಿಸ್ ಕೈಲಿ ಬ್ರ್ಯಾಡಕ್ ಸೋಲುವ ಸಂಭವವೇ ಹೆಚ್ಚೆಂದು ಗೌಲ್ಡ್‌ಗೆ ಗೊತ್ತಿತ್ತು. ಹಾಗಾಗಿ ಮುಂದಿನ ಹತ್ತು ವರ್ಷ ಹೆವಿವೇಟ್ ಪಟ್ಟದ ಪಂದ್ಯಗಳಿಂದ ಜೇಕಬ್ಸ್‌ಗೆ ಬರುವ ಲಾಭದಲ್ಲಿ ನೂರಕ್ಕೆ ಹತ್ತರ ಪಾಲು ಕೇಳಿ ಪಡೆದ. ಗಾರ್ಡನ್‌ನವರು ಕೋರ್ಟಿಗೆ ಹೋಗಿ ಸೋತರು. ಶಿಕಾಗೋದಲ್ಲಿ ಜೂನ್ 22ರಂದು ಲೂಯಿಸ್ ಎಂಟನೇ ಸುತ್ತಿನಲ್ಲಿ ಬ್ರ್ಯಾಡಕ್‌ನನ್ನು ಮಲಗಿಸಿದ. ಸೋತವನ ಮ್ಯಾನೇಜರ್ ಗೆದ್ದವನ ದುಡಿಮೆಯಲ್ಲಿ ಪಾಲುದಾರನಾದ.

ಈ ಅಡ್ಡದಾರಿಯಿಂದಲೇ ಒಂದು ಒಳ್ಳೆಯದೂ ಆಯಿತು ಎನ್ನುವುದನ್ನು ಮುಚ್ಚಿಡುವಂತಿಲ್ಲ. 1915ರಲ್ಲಿ ಕಪ್ಪು ಚಾಂಪಿಯನ್ ಜ್ಯಾಕ್ ಜಾನ್ಸನ್ ಪಟ್ಟ ಕಳೆದುಕೊಂಡ ಮೇಲೆ ಕಪ್ಪು ಬಾಕ್ಸರರಿಗೆ ಹೆವಿವೇಟ್ ಪಟ್ಟದ ಬಾಗಿಲೇ ಮುಚ್ಚಿತ್ತು. ಚಾಂಪಿಯನ್ ಜ್ಯಾಕ್ ಡೆಂಪ್ಸಿ ಜೊತೆ ಒಂದು ಪಂದ್ಯಕ್ಕಾಗಿ ಕಪ್ಪು ಬಾಕ್ಸರ್ ಹ್ಯಾರಿ ವಿಲ್ಸ್ ಕಾದೂ ಕಾದೂ ಮುದುಕನಾದ. ಯೋಗ್ಯತೆಯನ್ನೇ ಕಾಯಿಸಿದ್ದ ಆ ಬಾಗಿಲನ್ನು ಕೊನೆಗೆ ಕಪ್ಪು ಬಾಕ್ಸರನೇ ಆದ ಲೂಯಿಸ್‌ಗೆ ತೆರೆಸಿದ್ದು ಗೌಲ್ಡ್‌ನ ಹತ್ತು ಪರ್ಸೆಂಟ್.

ಅದೇ ಲೂಯಿಸ್ 1949ರಲ್ಲಿ ನಿವೃತ್ತನಾಗುವಾಗ ಕಟ್ಟಿದ ಲೆಕ್ಕ ಇನ್ನೂ ದೊಡ್ಡದು. ತೆರವಾಗುವ ಪಟ್ಟಕ್ಕೆ ಹಕ್ಕುದಾರರಾದ ಎಝರ್ಡ್ ಚಾರ್ಲ್ಸ್, ಜೋ ವಾಲ್ಕಾಟ್, ಲೀ ಸ್ಯಾವೊಲ್ಡ್, ಗಸ್ ಲೆಸ್ನೆವಿಚ್ ಈ ನಾಲ್ವರ ಕರಾರುಗಳನ್ನು ಮೊದಲು ತನ್ನ ಹೆಸರಿಗೆ ಬರೆಸಿಕೊಂಡು, ಆಮೇಲೆ ಜೇಮ್ಸ್ ನಾರಿಸ್, ಆರ್ಥರ್ ವರ್ಟ್ಸ್ ಎಂಬ ಶ್ರೀಮಂತರಿಗೆ ಮಾರಿದ. ಕೈಗೆ 1,50,000 ಡಾಲರ್, ಮೇಲೆ ವರ್ಷಕ್ಕೆ 15,000 ಸಂಬಳ. ಹೀಗೆ ಹುಟ್ಟಿದ್ದು ಇಂಟರ್‌ನ್ಯಾಷನಲ್ ಬಾಕ್ಸಿಂಗ್ ಕ್ಲಬ್. 1949ರ ಜೂನ್‌ನಿಂದ 1953ರ ಮೇ ತನಕ ಅಮೆರಿಕದಲ್ಲಿ ನಡೆದ 44 ಚಾಂಪಿಯನ್‌ಶಿಪ್ ಪಂದ್ಯಗಳಲ್ಲಿ 36 ಅದರ ಹಿಡಿತದಲ್ಲಿದ್ದವು. ಟೆಲಿವಿಷನ್ ಬೇರೆ ಮನೆಮನೆಗೆ ಬರುತ್ತಿತ್ತು. ಬಿಯರ್ ಕಂಪನಿಗೊಂದು ರಾತ್ರಿ, ಬ್ಲೇಡ್ ಕಂಪನಿಗೊಂದು ರಾತ್ರಿ, ವಾರಾವಾರವೂ ಹೊಸ ಜೋಡಿ ಬೇಕು. ಕ್ಲಬ್ಬಿನ ಕೃಪೆಯಿಲ್ಲದವನಿಗೆ ರಿಂಗೂ ಇಲ್ಲ, ಕ್ಯಾಮೆರಾವೂ ಇಲ್ಲ.

ಕ್ಲಬ್ಬಿನ ಮ್ಯಾಚ್‌ಮೇಕರ್ ಆಗಿ ಕೂತವನು ಆಲ್ ವೀಲ್. ಮ್ಯಾಚ್‌ಮೇಕರ್ ಆದವನು ಬಾಕ್ಸರರ ಮ್ಯಾನೇಜರ್ ಆಗಿರಬಾರದು. ವೀಲ್ ಆಗಿರಲಿಲ್ಲ, ಕಾಗದದ ಮೇಲೆ. ರಾಕಿ ಮಾರ್ಸಿಯಾನೋನ ಮ್ಯಾನೇಜರ್ ಅಂತ ಬರೆದಿದ್ದದ್ದು ವೀಲ್‌ನ ಮಲಮಗ ಮಾರ್ಟಿಯ ಹೆಸರು. ಒಂದು ಸೋಲೂ ಇಲ್ಲದ 49 ಗೆಲುವು ಮಾರ್ಸಿಯಾನೋನ ಮುಷ್ಟಿಯದೇ, ಅದರಲ್ಲಿ ಅನುಮಾನವಿಲ್ಲ. ಆದರೂ ಅವನ ದಾರಿಯಲ್ಲಿ ಯಾರು, ಯಾವಾಗ ಎದುರಾಗಬೇಕು ಎಂದು ಆರಿಸುವ ಕುರ್ಚಿಯಲ್ಲಿ ಕೆಲಕಾಲ ಮನೆಯವನೇ ಕೂತಿದ್ದ.

ಕ್ಲಬ್ಬಿನ ಹಿಂದೆ ಇನ್ನೊಬ್ಬನಿದ್ದ: ಫ್ರ್ಯಾಂಕಿ ಕಾರ್ಬೋ. ಪಾತಕ ಲೋಕದವನು, ಲೈಸೆನ್ಸಿನಲ್ಲಿ ಎಲ್ಲೂ ಹೆಸರಿಲ್ಲ. ಅವನ ಹೆಸರೆತ್ತಲು ಹೆದರಿದವರು 'ಮಿಸ್ಟರ್ ಗ್ರೇ' ಅನ್ನುತ್ತಿದ್ದರು. ಅವನ ಬಲಗೈ ಫಿಲಡೆಲ್ಫಿಯಾದ ಬ್ಲಿಂಕಿ ಪಲೆರ್ಮೋ, ಅಂದರೆ ಆ ಬಿಲ್ಲಿ ಫಾಕ್ಸ್‌ನ ಮ್ಯಾನೇಜರ್.

ಈ ಗುಂಪಿನ ಅಸಲಿ ಬಲ ಏನೆಂಬುದು ತಿಳಿಯಲು ಲೈಟ್‌ವೇಟ್ ಚಾಂಪಿಯನ್ ಐಕ್ ವಿಲಿಯಮ್ಸ್‌ನ ಕಥೆ ಸಾಕು. ಮ್ಯಾನೇಜರ್ ಜೊತೆ ಮುರಿದುಕೊಂಡ ವಿಲಿಯಮ್ಸ್ ತನ್ನ ವ್ಯವಹಾರ ತಾನೇ ನೋಡಿಕೊಳ್ಳುತ್ತೇನೆಂದು ಹೊರಟ. ಅವನನ್ನು ಬಗ್ಗಿಸಲು ಹೊಡೆಯುವ ಅಗತ್ಯವೇ ಇರಲಿಲ್ಲ. ಮ್ಯಾನೇಜರುಗಳ ಸಂಘ ಬಹಿಷ್ಕಾರ ಹಾಕಿತು, ಅಷ್ಟೇ. ಅವನೆದುರು ತನ್ನ ಹುಡುಗನನ್ನು ಇಳಿಸುವ ಮ್ಯಾನೇಜರ್ ಒಬ್ಬನೂ ಇಲ್ಲ. ಎದುರಾಳಿಯೇ ಇಲ್ಲದ ಮೇಲೆ ಚಾಂಪಿಯನ್ ಪಟ್ಟ ಕಟ್ಟಿಕೊಂಡು ಏನು ಮಾಡುವುದು? ಆಗ ಬಂದ ಪಲೆರ್ಮೋ: ನನ್ನನ್ನು ಮ್ಯಾನೇಜರ್ ಮಾಡಿಕೋ, ಸಂಘದ ಜೊತೆ ನಾನು ಸರಿಮಾಡುತ್ತೇನೆ. ಸರಿ ಮಾಡಿದ ಕೂಡ. ಪಂದ್ಯಗಳು ಬಂದವು. ಎರಡು ಪಂದ್ಯಗಳ ಪೂರ್ತಿ ಸಂಭಾವನೆ ಮಾತ್ರ ತನ್ನ ಕೈಗೆ ಬರಲೇ ಇಲ್ಲ ಎಂದು ವಿಲಿಯಮ್ಸ್ ಕೆಫಾವರ್ ಸಮಿತಿಗೆ ಹೇಳಿದ. ಸೋಲಲು ಲಂಚದ ಮಾತೂ ಬಂದಿತ್ತು, ಒಪ್ಪಲಿಲ್ಲ ಎಂದ.

ಈ ಕೋಟೆ ಒಡೆದದ್ದು ರಿಂಗಿನಲ್ಲಲ್ಲ. ಬಾಕ್ಸಿಂಗ್‌ಗೂ ಏಕಸ್ವಾಮ್ಯ ವಿರೋಧಿ ಕಾನೂನು ಅನ್ವಯಿಸುತ್ತದೆ ಎಂದು 1955ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕ್ಲಬ್ ಮುಚ್ಚಬೇಕೆಂಬ ಕೆಳಕೋರ್ಟಿನ ಆದೇಶವನ್ನು 1959ರಲ್ಲಿ ಎತ್ತಿಹಿಡಿಯಿತು. ವೆಲ್ಟರ್‌ವೇಟ್ ಚಾಂಪಿಯನ್ ಡಾನ್ ಜೋರ್ಡಾನ್‌ನ ದುಡಿಮೆಯಲ್ಲಿ ಪಾಲಿಗಾಗಿ ಬೆದರಿಕೆ ಹಾಕಿದ ಪ್ರಕರಣದಲ್ಲಿ 1961ರಲ್ಲಿ ಕಾರ್ಬೋಗೆ 25 ವರ್ಷ, ಪಲೆರ್ಮೋಗೆ 15 ವರ್ಷ ಜೈಲಾಯಿತು. ಈ ನಡುವೆ ಕ್ಲಬ್ಬಿನ ವಿರುದ್ಧ ತೊಡೆ ತಟ್ಟಿ ನಿಂತಿದ್ದ ಮ್ಯಾನೇಜರ್ ಕಸ್ ಡಿ'ಅಮಾಟೋ ಏನು ಮಾಡಿದ? ತನ್ನ ಹೆವಿವೇಟ್ ಚಾಂಪಿಯನ್ ಫ್ಲಾಯ್ಡ್ ಪ್ಯಾಟರ್ಸನ್‌ಗೆ 1957ರಲ್ಲಿ ಪೀಟ್ ರ್‍ಯಾಡೆಮೇಕರ್‌ನನ್ನು ಜೋಡಿ ಮಾಡಿದ. ಒಲಿಂಪಿಕ್ ಚಿನ್ನ ಗೆದ್ದವನಾದರೂ ವೃತ್ತಿ ಬಾಕ್ಸಿಂಗ್‌ನಲ್ಲಿ ಅವನಿಗೆ ಅದೇ ಚೊಚ್ಚಲ ಪಂದ್ಯ! ಕ್ಲಬ್ಬಿನವರನ್ನು ದೂರವಿಡುವ ನೆಪದಲ್ಲಿ ಗಟ್ಟಿ ಎದುರಾಳಿಗಳೂ ದೂರವೇ ಉಳಿದರು.

ಎಪ್ಪತ್ತರ ದಶಕದಿಂದ ಅಖಾಡ ಆಳಿದ ಪ್ರೊಮೋಟರ್ ಡಾನ್ ಕಿಂಗ್, ತನ್ನ ಪಂದ್ಯಗಳಲ್ಲಿ ಆಡುವ ಹಲವು ಬಾಕ್ಸರರಿಗೆ ಮಗ ಕಾರ್ಲ್‌ನನ್ನೇ ಮ್ಯಾನೇಜರ್ ಮಾಡಿದ್ದ. ವೀಲ್ ಮಲಮಗನ ಹೆಸರು ಬರೆಸಿದ್ದು ನೆನಪಾಗದೆ ಇರದು. ಕೊನೆಗೆ 2000ದ ಮೇ ತಿಂಗಳಲ್ಲಿ ಮುಹಮ್ಮದ್ ಅಲಿಯ ಹೆಸರಿನಲ್ಲೇ ಅಮೆರಿಕ ಒಂದು ಕಾನೂನು ತಂದಿತು. ಪ್ರೊಮೋಟರ್ ಆದವನಿಗೆ ಬಾಕ್ಸರನ ಮ್ಯಾನೇಜರಿಕೆಯಲ್ಲಿ ಪಾಲಿರಬಾರದು, ಮ್ಯಾನೇಜರನಿಗೆ ಪ್ರೊಮೋಟರನ ವ್ಯವಹಾರದಲ್ಲಿ ಪಾಲಿರಬಾರದು ಎಂಬುದು ಅದರ ಜೀವಾಳ. ಆ ಕಲಮಿಗೆ ಒಂದು ವಿನಾಯಿತಿಯೂ ಇದೆ. ಹತ್ತು ಸುತ್ತಿಗಿಂತ ಕಡಿಮೆಯ ಪಂದ್ಯಗಳಲ್ಲಷ್ಟೇ ಆಡುವವರಿಗೆ ಅದು ಅನ್ವಯಿಸುವುದಿಲ್ಲ. ನಾಲ್ಕು ಸುತ್ತು, ಆರು ಸುತ್ತಿನ ಆ ಪಂದ್ಯಗಳಲ್ಲೇ ಹೊಸ ಹುಡುಗರು ಮೊದಲು ರಿಂಗಿಗೆ ಇಳಿಯುವುದು.