ಬಲೂನು ಕಂಡ ಸುಂಟರಗಾಳಿ

ಬೇಸಿಗೆಯ ಮಧ್ಯಾಹ್ನ ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯ ಬಯಲಲ್ಲಿ ದೂಳು, ತರಗೆಲೆ ಹೊತ್ತು ಗಿರ್ರನೆ ಸುತ್ತುವುದಕ್ಕೂ ಸುಂಟರಗಾಳಿ ಎನ್ನುತ್ತೇವೆ, ಅಮೆರಿಕದ ಓಕ್ಲಹಾಮದಲ್ಲಿ ಮನೆಗಳನ್ನೇ ಕಿತ್ತೊಯ್ಯುವ ಟೊರ್ನಾಡೊಗೂ ಅದೇ ಹೆಸರು. ಹುಟ್ಟು ಮಾತ್ರ ಬೇರೆ. ನಮ್ಮದು ಕಾದ ನೆಲದಿಂದ ಏಳುತ್ತದೆ, ಅದಕ್ಕೆ ಮೋಡ ಬೇಕಿಲ್ಲ. ಟೊರ್ನಾಡೊ ಗುಡುಗುಮೋಡದ ಕೂಸು. ಅದರ ಮೂಲ ತಿಳಿಯಲು ನೆಲದ ಉಷ್ಣಮಾಪಕ ಸಾಲದು, ಆಕಾಶವನ್ನು ಪದರ ಪದರವಾಗಿ ಅಳೆಯಬೇಕು.

ಈ ಅಳತೆಯ ಚರಿತ್ರೆಯಲ್ಲಿ ನಮ್ಮ ದೇಶಕ್ಕೂ ಪಾಲಿದೆ. 1914ರಲ್ಲಿ ಆಗ್ರಾದಲ್ಲಿ ಜೆ. ಎಚ್. ಫೀಲ್ಡ್ ಅವರ ನೇತೃತ್ವದಲ್ಲಿ ಮೇಲ್ವಾಯು ವೀಕ್ಷಣಾಲಯ ಶುರುವಾಯಿತು. ಆ ಕಾಲದ ಬಲೂನಿನ ಉಪಕರಣ ತಾನು ಗೀಚಿದ್ದನ್ನು ತನ್ನಲ್ಲೇ ಇಟ್ಟುಕೊಂಡು ಎಲ್ಲೋ ಬೀಳುತ್ತಿತ್ತು. ಹೊಲದಲ್ಲಿ ಯಾರಾದರೂ ಕಂಡು ಒಪ್ಪಿಸಿದರೆ ಉಂಟು, ಇಲ್ಲವಾದರೆ ಇಲ್ಲ. ಸಿಕ್ಕರೂ ಅಷ್ಟರಲ್ಲಿ ಬಿರುಗಾಳಿ ಬೀಸಿ ಹೋಗಿರುತ್ತಿತ್ತು! 1930ರಲ್ಲಿ ರಷ್ಯಾದ ಮೊಲ್ಚಾನೊವ್ ಹಾರಿಸಿದ ಬಲೂನು ಮೇಲಿಂದಲೇ ರೇಡಿಯೊದಲ್ಲಿ ಅಳತೆ ಕಳಿಸಿತು. ಫ್ರಾನ್ಸಿನ ಬ್ಯೂರೋ ಅದಕ್ಕೂ ಒಂದು ವರ್ಷ ಮುಂಚೆ ಅದೇ ದಾರಿ ಹಿಡಿದಿದ್ದರು.

ಅಂಕಿ ಬಂದರಾಯಿತೇ, ಓದಲು ಬರಬೇಕು. ಆಗ ಭಾರತದ ಹವಾಮಾನ ಇಲಾಖೆಯ ಮುಖ್ಯಸ್ಥರಾಗಿದ್ದ ಚಾರ್ಲ್ಸ್ ನಾರ್ಮಂಡ್ 1938ರಲ್ಲಿ ‘ಸುಪ್ತ ಅಸ್ಥಿರತೆ’ಯನ್ನು ವಿವರಿಸಿದರು. ಮೇಲ್ನೋಟಕ್ಕೆ ತಣ್ಣಗಿರುವ ತೇವದ ಗಾಳಿಯನ್ನು ಒಂದು ಎತ್ತರದವರೆಗೆ ನೂಕಿದರೆ ಸಾಕು, ಆವಿ ಹನಿಯಾಗುವಾಗ ಬಿಡುವ ಶಾಖದಿಂದ ಅದು ಮುಂದೆ ತಾನಾಗಿಯೇ ಏರುತ್ತದೆ.

1948ರ ಮಾರ್ಚ್ 20ರಂದು ಓಕ್ಲಹಾಮದ ಟಿಂಕರ್ ವಾಯುನೆಲೆಗೆ ಹೇಳದೆ ಕೇಳದೆ ಟೊರ್ನಾಡೊ ಅಪ್ಪಳಿಸಿತು. ಫಾಬುಷ್ ಮತ್ತು ಮಿಲ್ಲರ್ ಎಂಬ ಇಬ್ಬರು ಅಧಿಕಾರಿಗಳು ಹಳೆಯ ದಾಖಲೆ ಕೆದಕಿ ಕೂತರು. ಐದೇ ದಿನಕ್ಕೆ ನಕಾಶೆಯಲ್ಲಿ ಅದೇ ಚಹರೆ ಕಂಡಿತು. ಎಚ್ಚರಿಕೆ ಕೊಟ್ಟರು. ವಿಮಾನಗಳನ್ನು ಭದ್ರಪಡಿಸಿದರು. ಸಂಜೆ ಅದೇ ನೆಲೆಗೆ ಮತ್ತೊಂದು ಟೊರ್ನಾಡೊ ಬಂತು. ಜನ ಗಾಬರಿಯಾದಾರೆಂದು ಮುನ್ಸೂಚನೆಯಲ್ಲಿ ಆ ಪದವನ್ನೇ ಬಳಸದೆ ದಶಕಗಳು ಕಳೆದಿದ್ದ ದೇಶವದು.

ಆ ಚಹರೆಯಲ್ಲಿ ಏನಿರುತ್ತದೆ? ಕೆಳಗೆ ತೇವದ ಗಾಳಿ, ಅದರ ಮೇಲೆ ಮುಚ್ಚಳದಂತೆ ಒಣ ಬಿಸಿಗಾಳಿ. ಜೊತೆಗೆ ಎತ್ತರ ಏರಿದಂತೆ ಗಾಳಿಯ ವೇಗ, ದಿಕ್ಕು ಎರಡೂ ಬದಲಾಗಬೇಕು. ಅಂಗೈಗಳ ನಡುವೆ ಬತ್ತಿ ಹೊಸೆದಂತೆ ನಡುವಣ ಗಾಳಿ ಅಡ್ಡಡ್ಡ ಸುರುಳಿಯಾಗುತ್ತದೆ, ಮೋಡದ ಏರುಗಾಳಿ ಅದನ್ನು ನೆಟ್ಟಗೆ ನಿಲ್ಲಿಸುತ್ತದೆ. ಚಿತ್ರದುರ್ಗದ ಕಡೆ ಮೇ ತಿಂಗಳಲ್ಲಿ ಬಿಸಿಲಿಗೆ ಬರವಿಲ್ಲ, ಗುಡುಗು ಆಲಿಕಲ್ಲೂ ಉಂಟು. ಈ ಹೊಸೆತ ಮಾತ್ರ ಸಾಮಾನ್ಯವಾಗಿ ಸಾಲದು.

ಚಹರೆ ಕೂಡಿಬಂದರೂ ಎಲ್ಲ ಗುಡುಗುಮೋಡವೂ ಟೊರ್ನಾಡೊ ಹೆರುವುದಿಲ್ಲ. ಲೋಕದ ಬಹುಪಾಲು ಬಲೂನುಗಳು ಹನ್ನೆರಡು ಗಂಟೆಗೊಮ್ಮೆ ಏರುತ್ತವೆ, ನಡುವಿನ ಒಂದೇ ಗಂಟೆಯಲ್ಲಿ ಆಕಾಶ ಬೇರೆಯೇ ಆಗಿಬಿಡಬಹುದು.