ಕೊಚ್ಚಿಯಲ್ಲಿ ಇಳಿದ ಒರಳುಕಲ್ಲು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದರೆ ಸಮಕಾಲೀನ ಕಲೆ ಯಾರಿಗೂ ನೆನಪಾಗುವುದಿಲ್ಲ. ಒಂದು ಛಾಯಾಚಿತ್ರ ನೋಡುವ ತನಕ ನನಗೂ ಆಗುತ್ತಿರಲಿಲ್ಲ.

2012ರ ಡಿಸೆಂಬರ್ 12ರಂದು ಮೊದಲ ಕೊಚ್ಚಿ-ಮುಜಿರಿಸ್ ಬಿನಾಲೆ ಆರಂಭವಾಯಿತು. ಬೋಸ್ ಕೃಷ್ಣಮಾಚಾರಿ, ರಿಯಾಸ್ ಕೋಮು ಅದರ ರೂವಾರಿಗಳು. ಚಿತ್ರ, ಶಿಲ್ಪ, ವಿಡಿಯೋ, ಪ್ರತಿಷ್ಠಾಪನೆ ಎಲ್ಲವೂ ಅಲ್ಲಿದ್ದವು. ಹಿಂದೆ ಸಾಂಬಾರ ಪದಾರ್ಥಗಳ ವ್ಯಾಪಾರ ನಡೆದಿದ್ದ ಆಸ್ಪಿನ್‌ವಾಲ್ ಹೌಸಿನಲ್ಲಿ ಶೀಲಾ ಗೌಡ ಮತ್ತು ಕ್ರಿಸ್ಟೋಫ್ ಸ್ಟೋರ್ಜ್ 170 ಒರಳುಕಲ್ಲುಗಳನ್ನು ಇಟ್ಟಿದ್ದರು. ಮಿಕ್ಸಿ, ಗ್ರೈಂಡರ್ ಬಂದ ಮೇಲೆ ಬೆಂಗಳೂರಿನ ಮನೆಗಳಿಂದ ಬೀದಿಗೆ ಬಿದ್ದ ಕಲ್ಲುಗಳವು. ಕೃತಿಯ ಹೆಸರು ‘ಸ್ಟಾಪ್‌ಓವರ್’, ಎಂದರೆ ನಡುದಾರಿಯ ತಂಗು.

ಶೀಲಾ ಅವರು ಹುಟ್ಟಿದ್ದು 1957ರಲ್ಲಿ, ಚನ್ನಗಿರಿಯ ನೆರೆಯ ಭದ್ರಾವತಿಯಲ್ಲಿ. ಆಗ ಚನ್ನಗಿರಿ, ಹೊನ್ನಾಳಿ ಕೂಡ ಶಿವಮೊಗ್ಗ ಜಿಲ್ಲೆಯವೇ. ನ್ಯಾಮತಿ ಹೊನ್ನಾಳಿಯೊಳಗಿತ್ತು, ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾಯಿತು. ಮುಂದೆ ನ್ಯಾಮತಿಯೂ ತಾಲ್ಲೂಕಾಯಿತು. ಇವೆಲ್ಲ ಸರ್ಕಾರಿ ಕಡತದಲ್ಲಿವೆ. ಅಡುಗೆಮನೆಯಿಂದ ಒರಳು ಹೊರಬಿದ್ದದ್ದು ಮಾತ್ರ ಯಾವ ಕಡತದಲ್ಲೂ ಇಲ್ಲ. ಆ ದಾಖಲೆ ಸಿಕ್ಕಿದ್ದು ಕಲಾಪ್ರದರ್ಶನದಲ್ಲಿ.

ಹೊನ್ನಾಳಿಯ ನಮ್ಮ ಹಿತ್ತಲಲ್ಲೂ ಒಂದು ಒರಳಿದೆ. ಮದುವೆಗಳಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡ ಕಲ್ಲು. ಒಡೆಯಲು ಮನಸ್ಸು ಬಾರದು. ಮನೆ ಕಟ್ಟುವವರು ಅದನ್ನು ಸಾಗಿಸಿ ಎನ್ನುತ್ತಿದ್ದಾರೆ. ಅದರ ಗುಳಿ ನುಣುಪಾದದ್ದು ಅವ್ವನ ರಟ್ಟೆಯ ಬಲದಿಂದ. ನಾಲ್ಕು ತಾಲ್ಲೂಕುಗಳ ಚರಿತ್ರೆಯಲ್ಲಿ ಆ ರಟ್ಟೆಗೆ ಒಂದು ಸಾಲೂ ಇಲ್ಲ. ಸದ್ಯಕ್ಕೆ ಕಲ್ಲನ್ನು ನಾನು ಕದಲಿಸಿಲ್ಲ.